‘ಇಲ್ಲ’ ಎನ್ನಲು ಒಂದು ತಾಲೀಮು

ಪತ್ರಿಕೆಯ ಕಿರುಜಾಹೀರಾತು, ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ‘ಸ್ತ್ರೀ-ಪುರುಷ ವಶೀಕರಣ’ದ ಚೀಟಿ, ಎಂದೋ ಶಾಲೆಯ ಸಭಾಂಗಣದಲ್ಲಿ ನೋಡಿದ ಮ್ಯಾಜಿಕ್ ಷೋ. ಸಮ್ಮೋಹನದ ಬಗ್ಗೆ ನಮ್ಮಲ್ಲಿ ಬಹಳ ಜನರ ತಿಳಿವಳಿಕೆ ಇಲ್ಲಿಗೇ ಮುಗಿಯುತ್ತದೆ. ಒಬ್ಬ ಹೇಳುತ್ತಾನೆ, ಇನ್ನೊಬ್ಬ ಕುಣಿಯುತ್ತಾನೆ. ಅಂಥ ವಿದ್ಯೆಯನ್ನು, ಎಲ್ಲರ ತಾಳಕ್ಕೂ ಕುಣಿದು ಸುಸ್ತಾದವರಿಗೆ ತಮ್ಮ ಮಾತನ್ನು ತಾವೇ ಆಡಲು ಕಲಿಸುವುದಕ್ಕೆ ಬಳಸುತ್ತಾರೆ ಎಂದರೆ ವಿಚಿತ್ರ ಅನ್ನಿಸೀತು. ಆದರೆ ಅಸರ್ಟಿವ್‌ನೆಸ್ ತರಬೇತಿ ಎಂದು ಇಂದು ಕಾಲೇಜುಗಳಲ್ಲೂ ಕಂಪನಿಗಳಲ್ಲೂ ಕಲಿಸುವ ಪಾಠದ ಬೇರು ಹುಡುಕುತ್ತ ಹೋದರೆ ಸಿಗುವವನೇ ಒಬ್ಬ ಸಮ್ಮೋಹನಕಾರ.

ಆತನ ಹೆಸರು ಆಂಡ್ರ್ಯೂ ಸಾಲ್ಟರ್, ಊರು ನ್ಯೂಯಾರ್ಕ್. 1941ರಲ್ಲಿ ಸ್ವಸಮ್ಮೋಹನದ ಮೂರು ವಿಧಾನಗಳನ್ನು ವಿವರಿಸುವ ಪ್ರಬಂಧ ಪ್ರಕಟಿಸಿದ. 1949ರಲ್ಲಿ ‘ಕಂಡಿಷನ್ಡ್ ರಿಫ್ಲೆಕ್ಸ್ ಥೆರಪಿ’ ಎಂಬ ಪುಸ್ತಕ ಬರೆದ. ಮನಸ್ಸಿಗೆ ಬಂದದ್ದನ್ನು ಅದುಮಿಟ್ಟುಕೊಳ್ಳುವ ಅಭ್ಯಾಸವೇ ಮನುಷ್ಯನ ಅನೇಕ ನರಳಾಟಗಳಿಗೆ ಮೂಲ ಎನ್ನುವುದು ಆತನ ವಾದ. ಅನಿಸಿದ್ದನ್ನು ಆಡಿ ತೋರಿಸು, ಮುಖದಲ್ಲೂ ತೋರಿಸು, ಒಪ್ಪಿಗೆ ಇಲ್ಲದಿದ್ದರೆ ಒಪ್ಪಿದಂತೆ ನಟಿಸಬೇಡ, ‘ನಾನು’ ಎಂಬ ಪದವನ್ನು ಬೇಕೆಂದೇ ಬಳಸು, ಹೊಗಳಿದರೆ ಒಪ್ಪಿಕೋ, ಆ ಕ್ಷಣಕ್ಕೆ ತೋಚಿದಂತೆ ನಡೆ ಎಂದು ಆತ ವಿಧಿಸಿದ. ನಮ್ಮ ಅಜ್ಜಿಯರು ಯಾರನ್ನು ಬಜಾರಿ ಎಂದು ಬೈಯುತ್ತಿದ್ದರೋ ಅವಳ ಲಕ್ಷಣಗಳನ್ನೇ ಪಟ್ಟಿ ಮಾಡಿದ ಹಾಗಿದೆ! ಸಾಲ್ಟರನ ಉತ್ಸಾಹ ತುಸು ಅತಿಯೇ ಆಯಿತೆಂದು ನನಗೂ ಅನ್ನಿಸುತ್ತದೆ.

ಅದನ್ನು ಹದಕ್ಕೆ ತಂದವನು ದಕ್ಷಿಣ ಆಫ್ರಿಕದ ಮನೋವೈದ್ಯ ಜೋಸೆಫ್ ವೋಲ್ಪೆ. ಭಯವೂ ಭಯಕ್ಕೆ ವಿರುದ್ಧವಾದ ದೇಹಸ್ಥಿತಿಯೂ ಏಕಕಾಲದಲ್ಲಿ ಒಂದೇ ಮೈಯಲ್ಲಿ ಇರಲಾರವು ಎನ್ನುವುದು 1958ರ ಆತನ ಪುಸ್ತಕದ ಸಾರ. ಸಡಿಲಾದ ಸ್ನಾಯು ಭಯವನ್ನು ತಳ್ಳುತ್ತದೆ. ನೇರವಾಗಿ ಆಡಿದ ಮಾತೂ ಭಯವನ್ನು ತಳ್ಳುತ್ತದೆ. ಹಾಗಾಗಿ ವೋಲ್ಪೆ ರೋಗಿಯ ಮೈಯನ್ನು ಮೊದಲು ಸಡಿಲಗೊಳಿಸುತ್ತಿದ್ದ, ಕೆಲವೊಮ್ಮೆ ಅದಕ್ಕೆ ಸಮ್ಮೋಹನದ ನೆರವನ್ನೂ ಪಡೆಯುತ್ತಿದ್ದ. ಆಮೇಲೆ ಅಳುಕು ಹುಟ್ಟಿಸುವ ಸನ್ನಿವೇಶಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಒಂದೊಂದಾಗಿ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲು ಹೇಳುತ್ತಿದ್ದ. ತಾನೂ ಬಗ್ಗದೆ ಎದುರಿನವರನ್ನೂ ಬಗ್ಗಿಸದೆ ಮಾತಾಡುವುದು ಎಂಬ, ಅಸರ್ಟಿವ್‌ನೆಸ್‌ನ ಈಗಿನ ಅರ್ಥ ಜನರಿಗೆ ಮುಟ್ಟಿದ್ದು 1970ರಲ್ಲಿ ಆಲ್ಬರ್ಟಿ ಮತ್ತು ಎಮನ್ಸ್ ಬರೆದ ‘ಯುವರ್ ಪರ್ಫೆಕ್ಟ್ ರೈಟ್’ ಪುಸ್ತಕದಿಂದ.

ಸಮ್ಮೋಹನದ ಬಗ್ಗೆಯೂ ಒಂದು ಮಾತು. ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್, ತನ್ನ ಚಾಕುಗಳ ಪುಟ್ಟ ಡಬ್ಬಿಯನ್ನು ರೋಗಿಯ ಕಣ್ಣಿಗಿಂತ ತುಸು ಮೇಲೆ ಹಿಡಿದು ಅದನ್ನೇ ದಿಟ್ಟಿಸಲು ಹೇಳುತ್ತಿದ್ದ. 1843ರ ಪುಸ್ತಕದಲ್ಲಿ ಆತ ಇದನ್ನು ಒಂದು ಬಗೆಯ ನಿದ್ರೆಯೆಂದೇ ಕರೆದ. ಕೆಲವು ವರ್ಷ ಕಳೆಯುವುದರೊಳಗೆ, ಇದು ನಿದ್ರೆಯಲ್ಲ, ಮನಸ್ಸು ಒಂದೇ ವಿಚಾರದಲ್ಲಿ ನೆಟ್ಟ ಸ್ಥಿತಿ ಎಂದು ಮನಗಂಡು ಹೆಸರು ಬದಲಿಸಲು ಹೊರಟ. ಅಷ್ಟರಲ್ಲಿ ಹಳೆಯ ಹೆಸರು ಎಲ್ಲೆಡೆ ಹಬ್ಬಿಬಿಟ್ಟಿತ್ತು. ಈ ಸ್ಥಿತಿಗೆ ಎಲ್ಲರೂ ಒಂದೇ ಆಳಕ್ಕೆ ಇಳಿಯುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವೈಟ್ಸೆನ್‌ಹಾಫರ್ ಮತ್ತು ಹಿಲ್ಗಾರ್ಡ್ 1959ರಲ್ಲಿ ಹನ್ನೆರಡು ಪರೀಕ್ಷೆಗಳ ಅಳತೆಗೋಲೊಂದನ್ನು ರೂಪಿಸಿದರು. ಅಂಥ ಅಳತೆಗಳ ಪ್ರಕಾರ ನೂರರಲ್ಲಿ ಸುಮಾರು ಹತ್ತು-ಹದಿನೈದು ಮಂದಿ ತುಂಬ ಆಳಕ್ಕೆ ಹೋಗುತ್ತಾರೆ, ಸರಿಸುಮಾರು ಅಷ್ಟೇ ಮಂದಿಗೆ ಏನೂ ಆಗುವುದಿಲ್ಲ, ಉಳಿದವರೆಲ್ಲ ನಡುವಿನವರು. ಆಳಕ್ಕೆ ಹೋಗುವವರ ಕಲ್ಪನೆ ಬರಿಯ ಬಾಯಿಮಾತಲ್ಲ ಎನ್ನುವುದಕ್ಕೆ 2000ದಲ್ಲಿ ಸ್ಟೀಫನ್ ಕಾಸ್ಲಿನ್ ಮತ್ತು ಜೊತೆಗಾರರು ಮಾಡಿದ ಪ್ರಯೋಗ ಸಾಕ್ಷಿ: ಬೂದುಬಣ್ಣದ ಚಿತ್ರವನ್ನು ಬಣ್ಣಬಣ್ಣವಾಗಿ ನೋಡಿ ಎಂದು ಸಮ್ಮೋಹನದಲ್ಲಿ ಹೇಳಿದಾಗ, ಮಿದುಳಿನಲ್ಲಿ ಬಣ್ಣ ಗುರುತಿಸುವ ಭಾಗಗಳೇ ಚುರುಕಾದವು.

ಇನ್ನು ಕುಸುರಿಗೆ ಬರೋಣ. ಒಬ್ಬ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳಿ. ಸರ್ಕಾರಿ ಶಾಲೆ, ತಿಂಗಳ ಸಂಬಳ. ಹಾಗಾಗಿ ಸೊಸೈಟಿಯಲ್ಲಿ ಅವಳ ಸಹಿಗೆ ಬೆಲೆ ಇದೆ. ಭಾನುವಾರ ಬೆಳಗ್ಗೆ ಅಕ್ಕನ ಗಂಡ ಬರುತ್ತಾರೆ. ಮಳೆ, ಬೆಳೆ, ಮಕ್ಕಳ ಓದು ಎಲ್ಲ ಆದ ಮೇಲೆ ಕಾಫಿ ಲೋಟ ಕೆಳಗಿಟ್ಟು, “ಒಂದು ಜಾಮೀನು ಸಹಿ ಬೇಕಿತ್ತಲ್ಲಮ್ಮ” ಅನ್ನುತ್ತಾರೆ. ಹಿಂದಿನ ಸಾಲಕ್ಕೂ ಅವಳೇ ಜಾಮೀನು, ಅದರ ಕಂತು ಅವಳ ಸಂಬಳದಲ್ಲೇ ಮುರಿದುಕೊಂಡದ್ದೂ ಇದೆ. ಆಗುವುದಿಲ್ಲ ಎನ್ನಬೇಕೆಂದು ವಾರದಿಂದ ನಿಶ್ಚಯಿಸಿದ್ದಾಳೆ. ಬಾಯಿಂದ ಹೊರಡುವುದು ಮಾತ್ರ “ನೋಡೋಣ ಭಾವ”. ನೋಡೋಣ ಎಂದರೆ ಆಯಿತು ಎಂದೇ ಲೆಕ್ಕ. ಬುಧವಾರದ ಹೊತ್ತಿಗೆ ಫಾರಂ ಮನೆಗೆ ಬಂದಿರುತ್ತದೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗವಿಲ್ಲ ಎಂಬ ಗಾದೆ ಅವಳಿಗೂ ಗೊತ್ತು. ಗಾದೆ ಗೊತ್ತಿದ್ದೂ ಸಹಿ ಹಾಕುತ್ತಾಳೆ. ಉಪದೇಶದಿಂದ ಈ ತೊಂದರೆ ಹೋಗದಿರುವುದು ಇದಕ್ಕೇ: ತಿಳಿವಳಿಕೆಯ ಕೊರತೆ ಇಲ್ಲಿಲ್ಲ, ಆ ಗಳಿಗೆಯಲ್ಲಿ ಮೈ ಕೈಕೊಡುತ್ತದೆ.

ಒಳ್ಳೆಯ ಚಿಕಿತ್ಸಕರು ಮೊದಲ ಭೇಟಿಯಲ್ಲಿ ಕಣ್ಣು ಮುಚ್ಚಿಸುವುದೇ ಇಲ್ಲ. ಕೇಳುತ್ತಾರೆ. ಅಳುಕು ಮೈಯಲ್ಲಿ ಎಲ್ಲಿ ಶುರುವಾಗುತ್ತದೆ, ಗಂಟಲಲ್ಲೋ ಹೊಟ್ಟೆಯಲ್ಲೋ? ಯಾವ ಕ್ಷಣಕ್ಕೆ? ಬಗೆದು ಕೇಳಿದರೆ ಉತ್ತರ ಸಾಮಾನ್ಯವಾಗಿ ಅಚ್ಚರಿಯದೇ ಆಗಿರುತ್ತದೆ. ನಮ್ಮ ಶಿಕ್ಷಕಿ ಕುಗ್ಗುವುದು ಭಾವ ಸಹಿ ಕೇಳಿದಾಗ ಅಲ್ಲ. ಅದಕ್ಕೂ ಮೊದಲು, ಅವರು ಲೋಟ ಕೆಳಗಿಟ್ಟ ಸದ್ದಿಗೆ. ಆ ಸದ್ದು ಕೇಳುತ್ತಲೇ ಉಸಿರು ಮೇಲಕ್ಕೆ ಹೋಗುತ್ತದೆ, ದನಿ ಸಣ್ಣದಾಗುತ್ತದೆ, ನಗು ತಾನಾಗಿ ಬರುತ್ತದೆ. ಆ ಸದ್ದನ್ನು ಹುಡುಕಿ ತೆಗೆದರೆ ಅರ್ಧ ಕೆಲಸ ಮುಗಿದಂತೆ. ಇದೇ ಭೇಟಿಯಲ್ಲಿ ಇನ್ನೊಂದನ್ನೂ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ: ಇಲ್ಲ ಎಂದರೆ ಮನೆಯಲ್ಲಿ ಹೊಡೆತ ಬಡಿತದ ಭಯವಿದೆಯೇ? ಇದ್ದರೆ ಈ ತಾಲೀಮು ಅಲ್ಲಿಗೇ ನಿಲ್ಲಬೇಕು. ಆಗ ಬೇಕಿರುವುದು ಧೈರ್ಯದ ಪಾಠವಲ್ಲ, ರಕ್ಷಣೆ.

ಆಮೇಲೆ ಏಣಿ ಕಟ್ಟುತ್ತಾರೆ. ವೋಲ್ಪೆಯ ಕಾಲದಿಂದ ಬಂದ ಪದ್ಧತಿಯಂತೆ ಅಳುಕಿಗೆ ಸೊನ್ನೆಯಿಂದ ನೂರರವರೆಗೆ ಅಂಕ. ತರಕಾರಿ ಅಂಗಡಿಯಲ್ಲಿ ಕೊಳೆತ ಟೊಮೆಟೊ ಬದಲಿಸಿಕೊಡಿ ಎನ್ನುವುದಕ್ಕೆ ಹದಿನೈದು. ಆಟೊದವರಿಂದ ಉಳಿದ ಚಿಲ್ಲರೆ ಕೇಳುವುದಕ್ಕೆ ಮೂವತ್ತು. ತನ್ನ ರಿಜಿಸ್ಟರನ್ನು ಇವಳ ಮೇಜಿನ ಮೇಲೆ ಹಾಕಿಹೋಗುವ ಸಹೋದ್ಯೋಗಿಗೆ ಅದನ್ನು ವಾಪಸು ಕೊಡುವುದಕ್ಕೆ ಐವತ್ತೈದು. ಭಾವನಿಗೆ ತೊಂಬತ್ತು. ಭಾವನ ವಿಷಯಕ್ಕೇ ಬಂದವರನ್ನು ಟೊಮೆಟೊದಿಂದ ಶುರುಮಾಡಿಸಲು ಚಿಕಿತ್ಸಕರಿಗೆ ಬಹಳ ತಾಳ್ಮೆ ಬೇಕು. ಮೊದಲ ವಾರವೇ ತೊಂಬತ್ತಕ್ಕೆ ಕೈಹಾಕಿಸುವವರು ಕಸುಬು ಕಲಿತಿಲ್ಲ ಎಂದೇ ಅರ್ಥ.

ಸಮ್ಮೋಹನಕ್ಕೆ ಕರೆದೊಯ್ಯುವ ಭಾಗ ಹೊರಗಿನಿಂದ ನೋಡುವವರಿಗೆ ಬೇಸರ ತರಿಸುವಷ್ಟು ಸರಳ. ಒಂದು ಬಿಂದುವನ್ನು ನೋಡುವುದು, ರೆಪ್ಪೆ ಭಾರವಾದಾಗ ಮುಚ್ಚುವುದು, ಕಾಲಿನಿಂದ ಹಣೆಯವರೆಗೆ ಒಂದೊಂದೇ ಅಂಗ ಸಡಿಲಿಸುವುದು, ಹತ್ತರಿಂದ ಒಂದಕ್ಕೆ ಎಣಿಸುತ್ತ ಮೆಟ್ಟಿಲು ಇಳಿಯುವುದು. ಚಿಕಿತ್ಸಕರ ಕೌಶಲ ಕಿವಿಗೆ ಬೀಳುವುದು ದನಿಯಲ್ಲಿ: ಎದುರಿನವರು ಉಸಿರು ಬಿಡುವಾಗ ಮಾತ್ರ ಮಾತು, ಎಳೆದುಕೊಳ್ಳುವಾಗ ಮೌನ. ಬರಬರುತ್ತ ವಾಕ್ಯಗಳು ಚಿಕ್ಕವಾಗುತ್ತವೆ, ನಡುವಿನ ಬಿಡುವು ದೊಡ್ಡದಾಗುತ್ತದೆ. ಆಮೇಲೆ ನೆಮ್ಮದಿಯ ಒಂದು ಜಾಗವನ್ನು ಕಲ್ಪಿಸಿಕೊಳ್ಳಲು ಹೇಳುತ್ತಾರೆ. ಇಂಗ್ಲಿಷ್ ಪುಸ್ತಕದಿಂದ ಎತ್ತಿಕೊಂಡ ಪಾಠವನ್ನು ಒಪ್ಪಿಸುವವರು ಇಲ್ಲಿ ಎಲ್ಲರನ್ನೂ ಸಮುದ್ರತೀರಕ್ಕೆ ಕರೆದುಕೊಂಡು ಹೋಗುತ್ತಾರೆ. ಚಳ್ಳಕೆರೆಯವರಿಗೆ ಸಮುದ್ರವೇಕೆ? ಅವರಿಗೆ ಹುಣಸೆಮರದ ನೆರಳು ಇದೆ, ತೀರ್ಥಹಳ್ಳಿಯವರಿಗೆ ಜಗಲಿ ಇದೆ. ಮೆಟ್ಟಿಲು ಎಂದಾಗ ಕಲ್ಯಾಣಿಯ ಮೆಟ್ಟಿಲು ಕೆಲವರಿಗೆ ಹಿತ. ನೀರಿಗೆ ಹೆದರುವವರಿಗೆ ಅದೇ ಗಾಬರಿ. ಕೇಳಿ ತಿಳಿದುಕೊಂಡೇ ಚಿತ್ರ ಆರಿಸಬೇಕು. ಮನಸ್ಸಿನಲ್ಲಿ ಚಿತ್ರವೇ ಮೂಡದ ಜನರೂ ಇದ್ದಾರೆ, ಆಡಂ ಝೀಮನ್ ಎಂಬ ನರವಿಜ್ಞಾನಿ 2015ರಲ್ಲಿ ಆ ಸ್ಥಿತಿಗೆ ಅಫಾಂಟೇಸಿಯ ಎಂದು ಹೆಸರಿಟ್ಟರು. ಅಂಥವರಿಗೆ ಸದ್ದು, ವಾಸನೆ, ಮೈಯ ಸ್ಪರ್ಶಗಳ ಮೂಲಕವೇ ದೃಶ್ಯ ಕಟ್ಟಿಕೊಡುತ್ತಾರೆ.

ನನಗೆ ಈ ಕಸುಬಿನಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಮುಂದಿನ ಹಂತ, ದೃಶ್ಯದ ಹೆಣಿಗೆ. ‘ನೀವು ಧೈರ್ಯಶಾಲಿ, ನೀವು ಆತ್ಮವಿಶ್ವಾಸದ ಗಣಿ’ ಎಂದು ಸಮ್ಮೋಹನದಲ್ಲಿ ಹೇಳಿಬಿಟ್ಟರೆ ಸಾಲದೇ ಎಂದು ಕೇಳಬಹುದು. ಅದೂ ಒಂದು ಪರಂಪರೆಯೇ. ಬ್ರಿಟನ್ನಿನ ಜಾನ್ ಹಾರ್ಟ್‌ಲೆಂಡ್ ಎಂಬ ವೈದ್ಯ 1960ರ ದಶಕದಲ್ಲಿ ಮನೋಬಲ ಹೆಚ್ಚಿಸುವ ಅಂಥ ಒಂದು ದೀರ್ಘ ಪಾಠವನ್ನೇ ಬರೆದಿಟ್ಟ, ಅದನ್ನು ಇಂದಿಗೂ ಓದುವವರಿದ್ದಾರೆ. ಕೇಳಲು ಹಿತ. ಆದರೆ ಭಾನುವಾರ ಬೆಳಗ್ಗೆ ಭಾವನ ಮುಂದೆ ಏನು ಹೇಳಬೇಕು ಎನ್ನುವುದು ಅದರಲ್ಲಿ ಇಲ್ಲ. ಬಿಹಾರದ ಮುಂಗೇರಿನಲ್ಲಿ ಸ್ವಾಮಿ ಸತ್ಯಾನಂದ ಸರಸ್ವತಿ ರೂಪಿಸಿದ ಯೋಗನಿದ್ರೆಯ ಸಂಕಲ್ಪಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮನಸ್ಸು ತಿಳಿಯಾಗಲು ಅದು ಒಳ್ಳೆಯದು, ಎದುರು ಕೂತ ಒಬ್ಬ ವ್ಯಕ್ತಿಗೆ ಒಂದು ವಾಕ್ಯ ಹೇಳಲು ಅಷ್ಟೇ ಸಾಲದು.

ದೃಶ್ಯ ಹೆಣೆಯುವ ಬಗೆಗೆ ಒಳ್ಳೆಯ ಪಾಠ ಕೊಟ್ಟವರು ಅಮೆರಿಕದ ಆಲನ್ ಕಾಜ್‌ಡಿನ್. 1970ರ ದಶಕದಲ್ಲಿ ಅವರು, ತಮ್ಮ ಪರವಾಗಿ ಮಾತಾಡಲಾರದ ಜನರನ್ನು ಕೂರಿಸಿ ಬರಿಯ ಕಲ್ಪನೆಯಲ್ಲಿ ತಾಲೀಮು ಮಾಡಿಸಿದರು. ಕಲ್ಪಿಸಬೇಕಾದದ್ದು ತಮ್ಮನ್ನಲ್ಲ, ತಮ್ಮಂಥ ಇನ್ನೊಬ್ಬರನ್ನು. ಆ ಇನ್ನೊಬ್ಬರು ಇಂಥದೇ ಇಕ್ಕಟ್ಟಿನಲ್ಲಿ ನೇರವಾಗಿ ಮಾತಾಡುತ್ತಾರೆ, ಅದಕ್ಕೆ ಒಳ್ಳೆಯ ಫಲವೂ ಸಿಗುತ್ತದೆ. ಒಬ್ಬರ ಬದಲು ಹಲವರನ್ನು ಕಲ್ಪಿಸಿಕೊಂಡಾಗ, ಫಲವನ್ನೂ ಸೇರಿಸಿಕೊಂಡಾಗ ಹೆಚ್ಚು ಲಾಭವಾಯಿತು. ಹಾವಿನ ಭಯದ ಮೇಲೆ ಅವರೇ ಅದಕ್ಕೂ ಮೊದಲು ಮಾಡಿದ ಪ್ರಯೋಗದಲ್ಲಿ ಇನ್ನೊಂದು ಸೂಕ್ಷ್ಮ ಹೊರಬಿದ್ದಿತ್ತು: ಶುರುವಿನಲ್ಲಿ ಅಳುಕಿ ಆಮೇಲೆ ಸುಧಾರಿಸಿಕೊಳ್ಳುವವರನ್ನು ಕಲ್ಪಿಸಿಕೊಂಡವರು, ಮೊದಲಿನಿಂದಲೂ ನಿರ್ಭಯವಾಗಿ ಇರುವವರನ್ನು ಕಲ್ಪಿಸಿಕೊಂಡವರಿಗಿಂತ ಚೆನ್ನಾಗಿ ಕಲಿತರು.

ಹಾಗಾಗಿ ನಮ್ಮ ಶಿಕ್ಷಕಿಯ ಕಣ್ಣಮುಂದೆ ಮೊದಲು ಬರುವುದು ಅವಳಲ್ಲ. ಅವಳದೇ ವಯಸ್ಸಿನ ಇನ್ನೊಬ್ಬ ಹೆಂಗಸು, ಅದೇ ನಡುಮನೆ, ಅದೇ ಪ್ಲಾಸ್ಟಿಕ್ ಕುರ್ಚಿ. ಆ ಹೆಂಗಸಿನ ದನಿ ಮೊದಲು ನಡುಗುತ್ತದೆ, ಆಮೇಲೆ ನಿಲ್ಲುತ್ತದೆ. ಬೇರೆ ಬೇರೆ ಹೆಂಗಸರು, ಬೇರೆ ಬೇರೆ ಮನೆಗಳು. ಅದಾದ ಮೇಲೆ ಇವಳ ಸರದಿ. ಚಿಕಿತ್ಸಕರು ಆತುರಪಡುವುದಿಲ್ಲ. ಲೋಟ ಕೆಳಗಿಟ್ಟ ಸದ್ದು ಕೇಳಿಸುತ್ತಿದೆಯೇ? ಉಸಿರು ಎಲ್ಲಿದೆ? ಪಾದ ನೆಲದ ಮೇಲಿದೆಯೇ? ಭಾವ ಏನಂದರು? ಈಗ ನೀವು. “ಭಾವ, ಈ ಸಲ ನಾನು ಜಾಮೀನಿಗೆ ಸಹಿ ಹಾಕಲ್ಲ.” ಅಷ್ಟೇ ವಾಕ್ಯ. ಮಗಳ ಫೀಸು, ಮನೆ ಸಾಲ, ಆರೋಗ್ಯ ಎಂದು ಕಾರಣ ಜೋಡಿಸಿದರೆ ಎದುರಿನವರು ಒಂದೊಂದೇ ಕಾರಣಕ್ಕೆ ಪರಿಹಾರ ಹೇಳುತ್ತ ಕೂರುತ್ತಾರೆ. ಭಾವ ಸುಮ್ಮನಿರುವವರಲ್ಲ. “ಒಂದು ಸಹಿ ತಾನೇ ಕೇಳಿದ್ದು? ನಮ್ಮೋರೇ ಹಿಂಗಂದ್ರೆ ಹೆಂಗಮ್ಮ?” ಅನ್ನುತ್ತಾರೆ. ಅವಳು ಒಪ್ಪಬೇಕಾದಷ್ಟನ್ನು ಒಪ್ಪಿ ಅದೇ ಮಾತಿಗೆ ಮರಳುತ್ತಾಳೆ: “ಬೇಜಾರಾಗುತ್ತೆ ಅಂತ ಗೊತ್ತು ಭಾವ. ಆದ್ರೂ ಸಹಿ ಹಾಕಲ್ಲ.”

ಆಮೇಲೆ ಬರುವುದು ಮೌನ. ನಮ್ಮಲ್ಲಿ ಸೋಲುವವರು ಹೆಚ್ಚಾಗಿ ಸೋಲುವುದು ಇಲ್ಲಿ. ಇಲ್ಲ ಎಂದಾಗಿದೆ, ಎದುರಿನವರು ಏನೂ ಹೇಳುತ್ತಿಲ್ಲ, ಫ್ಯಾನು ತಿರುಗುವ ಸದ್ದು ಮಾತ್ರ. ಆ ಮೌನ ತಡೆಯಲಾರದೆ ‘ಅಲ್ಲ ಭಾವ, ಅಷ್ಟು ಅರ್ಜೆಂಟಿದ್ರೆ...’ ಎಂದು ಬಾಯಿಬಿಟ್ಟು ಇದ್ದಬದ್ದದ್ದನ್ನೆಲ್ಲ ಕಳೆದುಕೊಳ್ಳುತ್ತಾರೆ. ಪಳಗಿದ ಚಿಕಿತ್ಸಕರು ಈ ಮೌನವನ್ನು ಬೇಕೆಂದೇ ಎಳೆಯುತ್ತಾರೆ. ಕಲ್ಪನೆಯೊಳಗೆ ಅವಳನ್ನು ಅಲ್ಲೇ ಕೂರಿಸಿ, ಲೋಟದ ಅಂಚನ್ನು ನೋಡುತ್ತ ಉಸಿರಾಡಲು ಹೇಳುತ್ತಾರೆ. ಮಾತಿನ ತಾಲೀಮಿನಷ್ಟೇ ಹೊತ್ತು ಸುಮ್ಮನಿರುವ ತಾಲೀಮು. ಸಮ್ಮೋಹನದ ಆ ನೆಟ್ಟ ಮನಸ್ಸು ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆ. ಎಚ್ಚರದಲ್ಲಿದ್ದರೆ ಇದೇ ದೃಶ್ಯದಿಂದ ಮನಸ್ಸು ಮೂರು ಉಸಿರಿನೊಳಗೆ ತಪ್ಪಿಸಿಕೊಂಡು ಒಲೆಯ ಮೇಲಿನ ಹಾಲಿನ ಕಡೆಗೆ ಹೋಗಿರುತ್ತದೆ.

ದೃಶ್ಯದ ಕೊನೆಯನ್ನು ಸಿಹಿಯಾಗಿಸುವ ಆಸೆ ದೊಡ್ಡದು. ಭಾವ ಎದ್ದುನಿಂತು ‘ನೀನು ಹೇಳಿದ್ದೇ ಸರಿ’ ಎಂದು ಹರಸಿ ಹೋಗುವಂತೆ ಕಲ್ಪಿಸಿದರೆ ಎಷ್ಟು ಚೆಂದ! ಹಾಗೆ ಮಾಡಬಾರದು. ಗೆಲುವಿನ ಕನಸನ್ನಷ್ಟೇ ಕಂಡವರು ಅದಕ್ಕಾಗಿ ಪಡುವ ಶ್ರಮ ಕಡಿಮೆಯಾಗುತ್ತದೆ ಎಂದು ಗೇಬ್ರಿಯೆಲೆ ಓಟಿಂಗೆನ್ ಅವರ ಸಂಶೋಧನೆಗಳು ತೋರಿಸಿವೆ. ಕ್ಯಾಲಿಫೋರ್ನಿಯದ ವಿದ್ಯಾರ್ಥಿಗಳ ಮೇಲೆ ಫ್ಯಾಮ್ ಮತ್ತು ಟೇಲರ್ ನಡೆಸಿ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ, ಒಳ್ಳೆಯ ಅಂಕ ಬಂದಂತೆ ಕಲ್ಪಿಸಿಕೊಂಡವರಿಗಿಂತ ಕೂತು ಓದುತ್ತಿರುವಂತೆ ಕಲ್ಪಿಸಿಕೊಂಡವರೇ ಪರೀಕ್ಷೆ ಚೆನ್ನಾಗಿ ಬರೆದರು. ಆದ್ದರಿಂದ ನಮ್ಮ ದೃಶ್ಯದಲ್ಲಿ ಭಾವ ಮುಖ ಗಂಟಿಕ್ಕಿಕೊಂಡೇ ಹೋಗುತ್ತಾರೆ. ಸಂಜೆ ಅಕ್ಕನ ಫೋನು ಬರುತ್ತದೆ, ಅದಕ್ಕೆ ಬೇರೆ ತಾಲೀಮು. ಫಲ ಎಂದರೆ ಇಷ್ಟೇ: ರಾತ್ರಿ ನಿದ್ದೆ ಬರುತ್ತದೆ, ಸಂಬಳದ ಚೀಟಿಯಲ್ಲಿ ಕಡಿತ ಇರುವುದಿಲ್ಲ, ಮುಂದಿನ ಹಬ್ಬಕ್ಕೆ ಅಕ್ಕ ಹೇಗೂ ಬಂದೇ ಬರುತ್ತಾಳೆ.

ಸೂಚನೆಯ ವಾಕ್ಯಗಳಲ್ಲೂ ಕಸುಬುಗಾರಿಕೆ ಇದೆ. ‘ಹೆದರಬೇಡಿ’ ಎಂದರೆ ಮನಸ್ಸು ಮೊದಲು ಹೆದರಿಕೆಯನ್ನು ಹುಡುಕುತ್ತದೆ. ‘ಪಾದ ನೆಲಕ್ಕೆ ಊರಿರಲಿ’ ಎಂದರೆ ಪಾದವನ್ನು ಹುಡುಕುತ್ತದೆ. ಕೊನೆಗೆ, ಎಚ್ಚರಿಸುವ ಮುನ್ನ, ಎಚ್ಚರವಾದ ಮೇಲೂ ಉಳಿಯಬೇಕಾದ ಸೂಚನೆ ಕೊಡುತ್ತಾರೆ: ಲೋಟ ಇಟ್ಟ ಸದ್ದು ಕೇಳಿದ ಕೂಡಲೇ ನಿಮ್ಮ ಎರಡೂ ಪಾದ ನೆಲಕ್ಕೆ ಊರುತ್ತವೆ, ಉಸಿರು ಹೊಟ್ಟೆಗೆ ಇಳಿಯುತ್ತದೆ. ಇಷ್ಟು ದಿನ ಯಾವ ಸದ್ದು ಅವಳನ್ನು ಕುಗ್ಗಿಸುತ್ತಿತ್ತೋ ಅದನ್ನೇ ನೆಟ್ಟಗಾಗುವ ಗುರುತು ಮಾಡಿಕೊಟ್ಟದ್ದು, ನೋಡಿ, ಅದು ಜಾಣತನ. ಸಮ್ಮೋಹನ ಇಲ್ಲದೆಯೂ ಇದೇ ತತ್ವ ಕೆಲಸ ಮಾಡುತ್ತದೆ. ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು ಬರಿಯ ನಿರ್ಧಾರ ಮಾಡಿದವರಿಗಿಂತ ಹೆಚ್ಚು ಸಲ ಅದನ್ನು ನಡೆಸುತ್ತಾರೆ ಎನ್ನುವುದು ಪೀಟರ್ ಗೋಲ್‌ವಿಟ್ಜರ್ ಅವರ ಹೆಸರಾಂತ ಸಂಶೋಧನೆ.

ಐದರವರೆಗೆ ಎಣಿಸಿ ಎಚ್ಚರಿಸಿ, ಕೈಕಾಲಿನ ಭಾರ ಪೂರ್ತಿ ಹೋಯಿತೇ ಎಂದು ನೋಡಿ, ತಕ್ಷಣ ಗಾಡಿ ಓಡಿಸಬೇಡಿ ಎಂದು ಹೇಳುತ್ತಾರೆ. ಆಮೇಲೆ ಚಿಕಿತ್ಸಕರೇ ಭಾವನಾಗಿ ಕೂತು ಕಣ್ತೆರೆದ ತಾಲೀಮು. ವಾರದೊಳಗೆ ಟೊಮೆಟೊ ಬದಲಿಸಿಕೊಂಡು ಬರಬೇಕು, ಅದು ಮನೆಗೆಲಸ.

ಇದರಲ್ಲಿ ಸಮ್ಮೋಹನದ ಪಾಲೆಷ್ಟು? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಪ್ರಮುಖ ಪಾಲು ಅದರದಲ್ಲ. ನೋವು, ಕರುಳಿನ ಕೆಲವು ತೊಂದರೆ, ಆತಂಕ ಇವುಗಳಲ್ಲಿ ಸಮ್ಮೋಹನಕ್ಕೆ ಒಳ್ಳೆಯ ಪುರಾವೆಗಳಿವೆ. ನೇರವಾಗಿ ಮಾತಾಡುವ ವಿಷಯದಲ್ಲಿ ಭಾರ ಹೊರುವುದು ಕಲ್ಪನೆಯ ತಾಲೀಮು ಮತ್ತು ನಿಜವಾದ ಅಭ್ಯಾಸ. ಸಮ್ಮೋಹನ ಅವುಗಳಿಗೆ ಒತ್ತಾಸೆ. ಯಕ್ಷಗಾನದಲ್ಲಿ ಚೆಂಡೆ ಮದ್ದಳೆ ಎಷ್ಟೇ ಸೊಗಸಾಗಿದ್ದರೂ ಅರ್ಥ ಹೇಳಬೇಕಾದವನು ವೇಷಧಾರಿಯೇ. ಹಿಮ್ಮೇಳ ಚೆನ್ನಾಗಿದ್ದರೆ ಅವನ ಮಾತು ಕಳೆಗಟ್ಟುತ್ತದೆ, ನಿಜ. ಆಳಕ್ಕೆ ಹೋಗದ ಜನರೂ ಈ ತಾಲೀಮಿನಿಂದ ಕಲಿಯುವುದು ಅದಕ್ಕೇ.

ಎಲ್ಲರಿಗೂ ಇದು ತಕ್ಕದ್ದಲ್ಲ. ಇಲ್ಲದ ದನಿಗಳು ಕೇಳಿಸುವಂಥ ತೀವ್ರ ಮನೋರೋಗ ಇರುವವರು ಮೊದಲು ಮನೋವೈದ್ಯರನ್ನು ಕಾಣಬೇಕು. ಮರೆತ ನೆನಪುಗಳನ್ನೋ ಹಿಂದಿನ ಜನ್ಮವನ್ನೋ ಹೊರತೆಗೆದು ಸಂಕೋಚದ ಮೂಲ ತೋರಿಸುತ್ತೇವೆ ಎನ್ನುವವರಿಂದ ದೂರವಿರಿ. ಸಮ್ಮೋಹನದಲ್ಲಿ ಸುಳ್ಳು ನೆನಪುಗಳೂ ನಿಜದಷ್ಟೇ ಗಟ್ಟಿಯಾಗಿ ಹುಟ್ಟಬಲ್ಲವು, ಹಾಗೆ ಹುಟ್ಟಿದ ನೆನಪು ಸಂಸಾರಗಳನ್ನೇ ಒಡೆದದ್ದಿದೆ. ಎಲ್ಲಿಂದ ಶುರುಮಾಡಬೇಕು ಎಂದು ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಸಮ್ಮೋಹನ ಬಲ್ಲ ಚಿಕಿತ್ಸಕರ ಬಳಿ ಹೋಗುವುದಾದರೆ ಎರಡೇ ಪ್ರಶ್ನೆ ಕೇಳಿ. ನಿಮ್ಮ ಮೂಲ ಓದು ಏನು, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟರೋ, ಮನೋವೈದ್ಯರೋ? ಈ ವಾರ ನನಗೆ ಏನು ಮನೆಗೆಲಸ ಕೊಡುತ್ತೀರಿ? ಎರಡನೆಯದಕ್ಕೆ ‘ಏನೂ ಬೇಡ, ಎಲ್ಲ ನಾನು ನೋಡಿಕೊಳ್ಳುತ್ತೇನೆ’ ಎಂಬ ಉತ್ತರ ಬಂದರೆ ಎದ್ದುಬನ್ನಿ. ಮುಂದಿನ ಅಪಾಯಿಂಟ್‌ಮೆಂಟ್ ಯಾವಾಗ ಬರೆದುಕೊಳ್ಳಲಿ ಎಂದು ಅವರು ಕೇಳಿದಾಗ ‘ನೋಡೋಣ’ ಅನ್ನಬೇಡಿ. ಬರುವುದಿಲ್ಲ ಅನ್ನಿ.